ಆಟೋಕ್ಯಾಡ್‌ನಲ್ಲಿ ಕಾಗದದ ಅಳತೆಗಳ ನಿರ್ವಹಣೆ: ಸಣ್ಣ ನಕ್ಷಾ ಕಚೇರಿಯೊಂದರ ದೃಷ್ಟಿಯಿಂದ ವಿಮರ್ಶೆ

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್ ಕಲಿಸುವ ತರಗತಿಗಳಲ್ಲಿ ಗೆರೆ ಎಳೆಯುವುದಕ್ಕೆ, ಟ್ರಿಮ್, ಆಫ್‌ಸೆಟ್, ಲೇಯರ್, ಡೈಮೆನ್ಷನ್‌ಗಳಿಗೆ ಸಾಕಷ್ಟು ಸಮಯ ಸಿಗುತ್ತದೆ. ಪ್ಲಾಟ್ ಮಾಡುವ, ಅಂದರೆ ನಕ್ಷೆಯನ್ನು ಅಳತೆಗೆ ತಕ್ಕಂತೆ ಮುದ್ರಿಸುವ ಪಾಠ ಮಾತ್ರ ಕೊನೆಗೆ ಉಳಿದು ಅವಸರದಲ್ಲಿ ಮುಗಿಯುತ್ತದೆ. ಅದರ ಪರಿಣಾಮವನ್ನು ಕಟ್ಟಡಗಳ ನಕ್ಷೆ ತಯಾರಿಸುವ ಸಣ್ಣ ಕಚೇರಿಗಳಲ್ಲಿ ಇಂದಿಗೂ ಕಾಣಬಹುದು. ಕೈ ಪಳಗಿದ ಡ್ರಾಫ್ಟ್ಸ್‌ಮನ್‌ಗಳು ಕೂಡ ಪ್ಲಾಟ್ ಮಾಡುವಾಗ ಕಾಗದದ ಅಳತೆಗಳ ಪಟ್ಟಿಯಿಂದ ಅಂದಾಜಿನ ಮೇಲೆ ಒಂದನ್ನು ಆರಿಸಿ, ಪ್ರಿವ್ಯೂ ನೋಡಿ, ಬಾರ್ಡರ್ ಕತ್ತರಿಸಿಹೋಗಿದೆಯೆಂದು ತಿಳಿದಾಗ ಮತ್ತೊಂದನ್ನು ಆರಿಸುತ್ತಾರೆ. ಈ ವಿಮರ್ಶೆ ಆ ಪಟ್ಟಿಯನ್ನು ಕುರಿತದ್ದು. ಆಟೋಡೆಸ್ಕ್ ಕಂಪನಿಯ ಆಟೋಕ್ಯಾಡ್ ಮುದ್ರಣ ಕಾಗದದ ಅಳತೆಗಳನ್ನು ಹೇಗೆ ತೋರಿಸುತ್ತದೆ, ಹೇಗೆ ಉಳಿಸಿಕೊಳ್ಳುತ್ತದೆ, ಹೊಸ ಅಳತೆ ಸೇರಿಸಲು ಯಾವ ದಾರಿ ಕೊಡುತ್ತದೆ ಎಂಬುದಷ್ಟೇ ಇಲ್ಲಿಯ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಈ ವಿಭಾಗದಲ್ಲಿ ತಂತ್ರಾಂಶದ ಸಾಮರ್ಥ್ಯ ದೊಡ್ಡದು, ಅದನ್ನು ಬಳಕೆದಾರರ ಮುಂದಿಡುವ ರೀತಿ ಮಾತ್ರ ಬಹಳ ಹಿಂದುಳಿದಿದೆ; ಆರಂಭದಲ್ಲಿ ಒಂದಿಷ್ಟು ಸಮಯ ಕೊಟ್ಟು ಪಟ್ಟಿಯನ್ನು ಕಿರಿದು ಮಾಡಿಕೊಂಡ ಕಚೇರಿಗೆ ಇದು ನೆಚ್ಚಿಕೊಳ್ಳಬಹುದಾದ ಸಾಧನ, ಬಂದದ್ದನ್ನು ಬಂದಂತೆಯೇ ಬಳಸುವ ಕಚೇರಿಗೆ ನಿತ್ಯದ ಗೊಂದಲ.

ಆಟೋಕ್ಯಾಡ್ ಮೊದಲು ಹೊರಬಂದದ್ದು 1982ರಲ್ಲಿ. ಕಾಗದವನ್ನೇ ಪರದೆಯ ಮೇಲೆ ಹರಡಿ ಅದರೊಳಗೆ ನಕ್ಷೆಯನ್ನು ಜೋಡಿಸುವ ಪೇಪರ್ ಸ್ಪೇಸ್ ಎಂಬ ಕಲ್ಪನೆ 1990ರ ರಿಲೀಸ್ 11ರಲ್ಲಿ ಬಂತು. ಒಂದೇ ಫೈಲಿನಲ್ಲಿ ಇಂಥ ಹಲವು ಹಾಳೆಗಳನ್ನು, ಅಂದರೆ ಲೇಔಟ್‌ಗಳನ್ನು, ಇಟ್ಟುಕೊಳ್ಳುವ ಸೌಲಭ್ಯವೂ, ಪ್ಲಾಟರ್‌ನ ಹೊಂದಾಣಿಕೆಗಳನ್ನು ಪಿಸಿ3 ಎಂಬ ಕಡತದಲ್ಲಿ ಉಳಿಸುವ ಪದ್ಧತಿಯೂ ಆಟೋಕ್ಯಾಡ್ 2000 ಆವೃತ್ತಿಯೊಂದಿಗೆ ಶುರುವಾದವು. ಅಂದು ಹಾಕಿದ ಚೌಕಟ್ಟು ಇಂದಿನ ಆವೃತ್ತಿಗಳಲ್ಲಿಯೂ ಬಹುಪಾಲು ಹಾಗೆಯೇ ಉಳಿದಿದೆ. ಹಳೆಯ ಕಡತಗಳು ಇಂದಿಗೂ ಕೆಲಸ ಮಾಡುತ್ತವೆ ಎಂಬುದು ಇದರ ಒಳ್ಳೆಯ ಫಲ. ಹೊಸದಾಗಿ ಬಂದವರಿಗೆ ಆ ಚೌಕಟ್ಟನ್ನು ಸುಲಭ ಮಾಡಿಕೊಡುವ ಪ್ರಯತ್ನ ಆಮೇಲೆ ಹೆಚ್ಚಾಗಿ ನಡೆಯಲಿಲ್ಲ ಎಂಬುದು ಕೊರತೆ.

ಕಾಗದದ ಅಳತೆಗೆ ಇಷ್ಟೊಂದು ಗಮನ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸ್ಕೇಲಿನಲ್ಲಿದೆ. ನಮ್ಮ ಊರುಗಳಲ್ಲಿ ಅತಿ ಸಾಮಾನ್ಯವಾದ 30×40 ಅಡಿಯ ನಿವೇಶನವನ್ನೇ ತೆಗೆದುಕೊಳ್ಳಿ. ಅದು 9.144 ಮೀಟರ್ ಅಗಲ, 12.192 ಮೀಟರ್ ಉದ್ದ. 1:100 ಸ್ಕೇಲಿನಲ್ಲಿ ಕಾಗದದ ಮೇಲೆ ಸುಮಾರು 91×122 ಮಿಲಿಮೀಟರ್ ಜಾಗ ಹಿಡಿಯುತ್ತದೆ, 1:50ರಲ್ಲಿ ಸುಮಾರು 183×244. ಎ3 ಹಾಳೆ 420×297 ಮಿಲಿಮೀಟರ್. ಫೈಲಿಗೆ ಹಾಕಲು ಎಡಬದಿ 20 ಮಿಲಿಮೀಟರ್, ಉಳಿದ ಮೂರು ಬದಿ 10 ಮಿಲಿಮೀಟರ್ ಬಿಟ್ಟರೆ ಒಳಗೆ 390×277 ಉಳಿಯುತ್ತದೆ. ಹಾಗಾಗಿ 1:100ರಲ್ಲಿ ಎರಡು ಮಹಡಿಗಳ ಪ್ಲಾನ್, ಒಂದು ಸೆಕ್ಷನ್, ಒಂದು ಎಲಿವೇಷನ್ ಹಾಗೂ ನಕ್ಷೆಯ ಹೆಸರು, ಸ್ಕೇಲು ಬರೆಯುವ ಟೈಟಲ್ ಬ್ಲಾಕ್ ಒಂದೇ ಎ3ಯಲ್ಲಿ ಆರಾಮವಾಗಿ ಕೂರುತ್ತವೆ. 1:50ರ ಕೆಲಸದ ನಕ್ಷೆಗೆ ಒಂದು ಮಹಡಿಗೆ ಒಂದು ಎ3 ಬೇಕು. ಈ ಲೆಕ್ಕ ಮೊದಲ ಗೆರೆ ಎಳೆಯುವ ಮುಂಚೆಯೇ ಆಗಬೇಕಾದದ್ದು. ಏಕೆಂದರೆ ಅಕ್ಷರದ ಎತ್ತರ, ಡೈಮೆನ್ಷನ್ ಬಾಣದ ಗಾತ್ರ, ಹ್ಯಾಚಿನ ಒತ್ತು, ಗೆರೆಯ ದಪ್ಪ ಎಲ್ಲವೂ ಕಾಗದ ಮತ್ತು ಸ್ಕೇಲಿನ ಜೋಡಿಯಿಂದಲೇ ನಿರ್ಧಾರವಾಗುತ್ತವೆ.

ಎ ಸರಣಿಯ ಕಾಗದಕ್ಕೆ ಒಂದು ಗುಣವಿದೆ, ಅದನ್ನು ನಾನು ಬಹಳ ಮೆಚ್ಚುತ್ತೇನೆ. ಉದ್ದ ಅಗಲಗಳ ಅನುಪಾತ ಎಲ್ಲ ಗಾತ್ರಗಳಲ್ಲಿಯೂ ಒಂದೇ, ಎರಡರ ವರ್ಗಮೂಲಕ್ಕೆ ಒಂದು. ಎ0 ಸುಮಾರು ಒಂದು ಚದರ ಮೀಟರ್, 841×1189 ಮಿಲಿಮೀಟರ್. ಅದನ್ನು ಅರ್ಧ ಮಡಿಸಿದರೆ 594×841ರ ಎ1, ಮತ್ತೆ ಮಡಿಸಿದರೆ ಎ2, ಹೀಗೆ ಸಾಗುತ್ತದೆ. ಎ1ರಿಂದ ಎ3ಗೆ ಎರಡು ಮೆಟ್ಟಿಲು ಇಳಿದಾಗ ಉದ್ದಗಳು ಸರಿಯಾಗಿ ಅರ್ಧವಾಗುವುದರಿಂದ ಎ1 ಹಾಳೆಯ 1:100 ನಕ್ಷೆ ಎ3 ಪ್ರತಿಯಲ್ಲಿ ನಿಖರವಾಗಿ 1:200 ಆಗುತ್ತದೆ, ಸ್ಕೇಲಿನ ಪಟ್ಟಿ ಇಟ್ಟು ಓದಬಹುದು. ಒಂದೇ ಮೆಟ್ಟಿಲು ಇಳಿದು ಎ2ಗೆ ಬಂದರೆ ಅದು 1:141 ಆಗುತ್ತದೆ. ಆ ಸ್ಕೇಲಿನ ಪಟ್ಟಿ ಯಾರ ಬಳಿಯೂ ಇರುವುದಿಲ್ಲ. ಭಾರತೀಯ ಮಾನಕ ಐಎಸ್ 10711 ಕೂಡ ತಾಂತ್ರಿಕ ನಕ್ಷೆಗಳಿಗೆ ಎ ಸರಣಿಯ ಹಾಳೆಗಳನ್ನೇ ಹೇಳುತ್ತದೆ.

ಅಮೆರಿಕದ ವಾಸ್ತುಶಿಲ್ಪ ಕಚೇರಿಗಳಲ್ಲಿ ನಡೆಯುವ ಆರ್ಚ್ ಡಿ ಹಾಳೆಯಾದರೋ 24×36 ಇಂಚು, ಅಂದರೆ ಸುಮಾರು 610×914 ಮಿಲಿಮೀಟರ್. ಅದರ ಅನುಪಾತವೇ ಬೇರೆ. ಆ ಅಳತೆಗೆ ಸಿದ್ಧಪಡಿಸಿದ ನಕ್ಷೆಯನ್ನು ಎ1 ಹಾಳೆಯೊಳಗೆ ಹಿಡಿಸಿದರೆ ಸುಮಾರು ಶೇಕಡಾ 92ಕ್ಕೆ ಕುಗ್ಗುತ್ತದೆ. 1:100 ಎಂದು ಟೈಟಲ್ ಬ್ಲಾಕಿನಲ್ಲಿ ಬರೆದಿದ್ದರೂ ಕಾಗದದ ಮೇಲಿರುವುದು ಸುಮಾರು 1:109. ಮೂರು ಮೀಟರ್ ಅಗಲದ ಕೋಣೆಯನ್ನು ಮೇಸ್ತ್ರಿ ಸ್ಕೇಲಿಟ್ಟು ನೋಡಿದರೆ 2.76 ಮೀಟರ್ ಎಂದು ಓದುತ್ತಾರೆ. ಬರೆದ ಅಳತೆಯನ್ನೇ ನಂಬಬೇಕು, ಸ್ಕೇಲಿಟ್ಟು ಅಳೆಯಬಾರದು ಎಂಬ ಸೂಚನೆ ಪ್ರತಿ ನಕ್ಷೆಯಲ್ಲಿ ಇರುತ್ತದೆ, ಸರಿ. ಆದರೆ ಡೈಮೆನ್ಷನ್ ಹಾಕದೆ ಬಿಟ್ಟ ಒಂದು ಗೂಡು, ಒಂದು ಪೈಪಿನ ಜಾಗ, ಒಂದು ಸ್ವಿಚ್ ಪೆಟ್ಟಿಗೆ ಎಲ್ಲ ನಕ್ಷೆಯಲ್ಲಿಯೂ ಇದ್ದೇ ಇರುತ್ತದೆ, ಕೆಲಸದ ಜಾಗದಲ್ಲಿ ಅದನ್ನು ಸ್ಕೇಲಿಟ್ಟೇ ಅಳೆಯುತ್ತಾರೆ.

ಇನ್ನು ಆಟೋಕ್ಯಾಡ್ ತೋರಿಸುವ ಪಟ್ಟಿಗೆ ಬರೋಣ. ಪಟ್ಟಿ ತಂತ್ರಾಂಶದ ಸ್ವಂತದ್ದಲ್ಲ. ನೀವು ಆರಿಸಿದ ಸಾಧನಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ವಿಂಡೋಸ್‌ನಲ್ಲಿ ಸ್ಥಾಪಿಸಿದ ಪ್ರಿಂಟರ್ ಆರಿಸಿದರೆ ಆ ಪ್ರಿಂಟರ್‌ನ ಡ್ರೈವರ್ ಹೇಳಿದ ಅಳತೆಗಳು ಕಾಣುತ್ತವೆ. ಆಟೋಕ್ಯಾಡ್ ಜೊತೆಗೇ ಬರುವ ‘ಡಿಡಬ್ಲ್ಯೂಜಿ ಟು ಪಿಡಿಎಫ್’ ಆರಿಸಿದರೆ ಅಮೆರಿಕದ ಮಾನಕವಾದ ಆನ್ಸಿ ಅಳತೆಗಳು, ಆರ್ಚ್ ಅಳತೆಗಳು, ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ ಎ ಮತ್ತು ಬಿ ಸರಣಿಗಳು ಎಲ್ಲವೂ ಸಾಲಾಗಿ ಬರುತ್ತವೆ. ಎ1 ಒಂದನ್ನೇ ಹುಡುಕಿದರೂ ಐಎಸ್‌ಒ ಎ1, ಐಎಸ್‌ಒ ಎಕ್ಸ್‌ಪ್ಯಾಂಡ್ ಎ1, ಐಎಸ್‌ಒ ಫುಲ್ ಬ್ಲೀಡ್ ಎ1 ಎಂದು ಮೂರು ಬಗೆ ಸಿಗುತ್ತವೆ. ಅದರ ಮೇಲೆ 841×594 ಎಂದೂ 594×841 ಎಂದೂ ಅಡ್ಡ ಉದ್ದದ ಬೇರೆ ಬೇರೆ ನಮೂದುಗಳು. ಹಾಳೆಯ ಅಳತೆ ಎಲ್ಲದರಲ್ಲೂ ಒಂದೇ ಆಗಿರುವಾಗ ಇವುಗಳಲ್ಲಿ ವ್ಯತ್ಯಾಸವೇನು ಎಂಬುದನ್ನು ಆ ಪಟ್ಟಿಯ ಬಳಿ ಎಲ್ಲಿಯೂ ಹೇಳಿಲ್ಲ. ವ್ಯತ್ಯಾಸ ಇರುವುದು ಅಂಚಿನಲ್ಲಿ. ಬರಿಯ ಐಎಸ್‌ಒ ಎ1 ಎಂಬುದು ಹಾಳೆಯ ಸುತ್ತ ಮುದ್ರಿಸಲಾಗದ ಅಂಚೊಂದನ್ನು ಬಿಡುತ್ತದೆ, ಅದೂ ಎರಡು ತುದಿಗಳಲ್ಲಿ ಹೆಚ್ಚು, ಉಳಿದೆರಡರಲ್ಲಿ ಕಡಿಮೆ. ಎಕ್ಸ್‌ಪ್ಯಾಂಡ್ ಎಂಬುದು ಆ ಅಂಚನ್ನು ಕಿರಿದಾಗಿಸುತ್ತದೆ. ಫುಲ್ ಬ್ಲೀಡ್ ಎಂಬುದು ಹಾಳೆಯ ತುದಿಯವರೆಗೂ ಮುದ್ರಣಕ್ಕೆ ಬಿಟ್ಟುಕೊಡುತ್ತದೆ. 10 ಮಿಲಿಮೀಟರ್ ಅಂಚಿನ ಬಾರ್ಡರ್ ಇರುವ ನಮ್ಮ ಸಾಮಾನ್ಯ ನಕ್ಷೆಯನ್ನು ಬರಿಯ ಐಎಸ್‌ಒ ಎ1ರಲ್ಲಿ ಪ್ಲಾಟ್ ಮಾಡಿದಾಗ ಎರಡು ಕಡೆ ಬಾರ್ಡರ್ ಮಾಯವಾಗುವುದಕ್ಕೆ ಕಾರಣ ಇಷ್ಟೇ. ಪಿಡಿಎಫ್ ಕಡತಕ್ಕೆ ಯಂತ್ರದ ರೋಲರುಗಳಿಲ್ಲ, ಹಿಡಿತಕ್ಕೆಂದು ಅಂಚು ಬಿಡುವ ಅಗತ್ಯವೂ ಇಲ್ಲ; ಆದ್ದರಿಂದ ಪಿಡಿಎಫ್ ಮಾಡುವವರು ಕಣ್ಣು ಮುಚ್ಚಿ ಫುಲ್ ಬ್ಲೀಡ್ ಆರಿಸಬಹುದು, ಅಂಚನ್ನು ಟೈಟಲ್ ಬ್ಲಾಕಿನ ಚೌಕಟ್ಟಿನಲ್ಲಿಯೇ ಬಿಟ್ಟುಕೊಳ್ಳಬಹುದು.

ಅಂಚಿನ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಲೇಔಟ್ ತೆರೆದಾಗ ಬಿಳಿ ಹಾಳೆಯ ಒಳಗೆ ಕಾಣುವ ತುಂಡುಗೆರೆಯ ಚೌಕವು ಮುದ್ರಿಸಬಹುದಾದ ಕ್ಷೇತ್ರವನ್ನು ಸೂಚಿಸುತ್ತದೆ. ಲೇಔಟಿನ ಶೂನ್ಯಬಿಂದು ಹಾಳೆಯ ಮೂಲೆಯಲ್ಲಿಲ್ಲ, ಆ ತುಂಡುಗೆರೆಯ ಚೌಕದ ಕೆಳಗಿನ ಎಡ ಮೂಲೆಯಲ್ಲಿದೆ. ಹೀಗಾಗಿ ಟೈಟಲ್ ಬ್ಲಾಕನ್ನು ಶೂನ್ಯಬಿಂದುವಿನಲ್ಲಿ ಇಟ್ಟು ಸಿದ್ಧಪಡಿಸಿದ ನಕ್ಷೆಯಲ್ಲಿ ಪ್ರಿಂಟರ್ ಬದಲಿಸಿದ ಕೂಡಲೇ ಚೌಕಟ್ಟು ಹಾಳೆಯ ಮೇಲೆ ಅತ್ತಿತ್ತ ಸರಿದಂತೆ ಕಾಣುತ್ತದೆ. ಅಂಚಿನ ಅಳತೆ ಪ್ರಿಂಟರಿನಿಂದ ಪ್ರಿಂಟರಿಗೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಆಪ್ಷನ್ಸ್‌ನ ‘ಪ್ಲಾಟ್ ಅಂಡ್ ಪಬ್ಲಿಷ್’ ಪುಟದಲ್ಲಿ ನಕ್ಷೆಯನ್ನು ಹಾಳೆಯ ಮೇಲೆ ಸರಿಸುವ ದೂರವಾದ ಪ್ಲಾಟ್ ಆಫ್‌ಸೆಟ್ ಅನ್ನು ಮುದ್ರಣ ಕ್ಷೇತ್ರದ ಬದಲು ಕಾಗದದ ಅಂಚಿನಿಂದ ಲೆಕ್ಕ ಹಾಕುವಂತೆ ಬದಲಿಸುವ ಆಯ್ಕೆ ಇದೆ. ಒಳ್ಳೆಯ ಆಯ್ಕೆ, ಆದರೆ ಇದನ್ನು ಹುಡುಕಿ ತೆಗೆಯಬೇಕಾದ ಜಾಗದಲ್ಲಿ ಇಟ್ಟಿದ್ದಾರೆ.

ಈ ಇಡೀ ವಿಭಾಗದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಸೌಲಭ್ಯ ಕಾಗದದ ಅಳತೆಗಳನ್ನು ಸೋಸುವುದು. ಪ್ಲಾಟ್ ಕಿಟಕಿಯಲ್ಲಿ ಪ್ರಿಂಟರ್ ಹೆಸರಿನ ಪಕ್ಕದ ಪ್ರಾಪರ್ಟೀಸ್ ಗುಂಡಿ ಒತ್ತಿದರೆ ಪ್ಲಾಟರ್ ಕಾನ್ಫಿಗರೇಷನ್ ಎಡಿಟರ್ ತೆರೆಯುತ್ತದೆ. ಅದರಲ್ಲಿ ‘ಯೂಸರ್ ಡಿಫೈನ್ಡ್ ಪೇಪರ್ ಸೈಜಸ್ ಅಂಡ್ ಕ್ಯಾಲಿಬ್ರೇಷನ್’ ಎಂಬ ಕೊಂಬೆಯ ಕೆಳಗೆ ‘ಫಿಲ್ಟರ್ ಪೇಪರ್ ಸೈಜಸ್’ ಇದೆ. ಅಲ್ಲಿ ‘ಅನ್‌ಚೆಕ್ ಆಲ್’ ಒತ್ತಿ ಎಲ್ಲ ಅಳತೆಗಳ ಗುರುತನ್ನು ತೆಗೆದು, ಕಚೇರಿಯಲ್ಲಿ ನಿಜವಾಗಿ ಬಳಸುವ ಎ4, ಎ3, ಎ2, ಎ1ರ ಫುಲ್ ಬ್ಲೀಡ್ ನಮೂದುಗಳನ್ನಷ್ಟೇ ಉಳಿಸಿದರೆ ಉದ್ದನೆಯ ಪಟ್ಟಿ ನಾಲ್ಕೈದು ಸಾಲಿಗೆ ಇಳಿಯುತ್ತದೆ. ಅಳತೆ ಅಳಿಸಿಹೋಗುವುದಿಲ್ಲ, ಮರೆಯಾಗುತ್ತದೆ ಅಷ್ಟೇ. ಬೇಕಾದಾಗ ಗುರುತು ಹಾಕಿ ಮರಳಿ ತರಬಹುದು. ಹೊಸದಾಗಿ ಸೇರಿದ ಹುಡುಗರು ತಪ್ಪು ಹಾಳೆ ಆರಿಸುವ ಸಾಧ್ಯತೆಯನ್ನೇ ಇದು ಇಲ್ಲವಾಗಿಸುತ್ತದೆ. ಅವಸರದ ಸಂಜೆಯಲ್ಲಿ ನಕ್ಷೆಯ ಕಟ್ಟು ಹೊರಡಿಸುವಾಗ ಎಚ್ಚರಿಕೆಯ ಮಾತುಗಳಿಗಿಂತ ಇಂಥ ಕಿರಿದಾದ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ದೃಢ ನಂಬಿಕೆ. ಇಷ್ಟು ಬೆಲೆಯುಳ್ಳ ಸೌಲಭ್ಯವನ್ನು ಪಟ್ಟಿಯ ಪಕ್ಕದಲ್ಲೇ ಒಂದು ಗುಂಡಿಯಾಗಿ ಇಡಬೇಕಿತ್ತು. ಮೂರು ಕಿಟಕಿಗಳ ಆಚೆ, ಕ್ಯಾಲಿಬ್ರೇಷನ್ ಎಂಬ ಸಂಬಂಧವಿಲ್ಲದ ಶೀರ್ಷಿಕೆಯ ಕೆಳಗೆ ಅದು ಇರುವುದರಿಂದ ಬಹುಪಾಲು ಬಳಕೆದಾರರು ಅಲ್ಲಿಗೆ ತಲುಪುವುದೇ ಇಲ್ಲ.

ಅದೇ ಕೊಂಬೆಯಲ್ಲಿ ಹೊಸ ಅಳತೆಯನ್ನು ಸೇರಿಸುವ ‘ಕಸ್ಟಮ್ ಪೇಪರ್ ಸೈಜಸ್’ ಕೂಡ ಇದೆ. ಮನೆಯ ನಕ್ಷೆಗಳಿಗೆ ಇದರ ಅಗತ್ಯ ಬೀಳುವುದು ಅಪರೂಪ. ರಸ್ತೆ, ಕಾಲುವೆ, ನೀರಿನ ಕೊಳವೆ ಮಾರ್ಗಗಳ ಉದ್ದ ಛೇದನದ ನಕ್ಷೆಗಳಿಗೆ ಇದಿಲ್ಲದೆ ಆಗುವುದಿಲ್ಲ. ಒಂದು ಕಿಲೋಮೀಟರ್ ಉದ್ದದ ಕಾಲುವೆಯನ್ನು 1:1000ದಲ್ಲಿ ಒಂದೇ ಹಾಳೆಯಲ್ಲಿ ತೋರಿಸಲು ಕಾಗದದ ಮೇಲೆ ಒಂದು ಮೀಟರ್ ಬೇಕು. ಎ1ರ ಉದ್ದ ಸಾಲದು, ಎ0 ತೆಗೆದರೆ ಅಗಲ ಸುಮ್ಮನೆ ಪೋಲು. 594 ಮಿಲಿಮೀಟರ್ ಎತ್ತರ, 1200 ಮಿಲಿಮೀಟರ್ ಉದ್ದದ ಹಾಳೆಯೊಂದನ್ನು ಸೃಷ್ಟಿಸಿಕೊಂಡರೆ ರೋಲ್ ಕಾಗದದಲ್ಲಿ ಬೇಕಾದಷ್ಟೇ ಉದ್ದ ಖರ್ಚಾಗುತ್ತದೆ. ‘ಆಡ್’ ಒತ್ತಿದ ಮೇಲೆ ತೆರೆಯುವ ವಿಝರ್ಡ್ ಕ್ರಮಬದ್ಧವಾಗಿದೆ: ಹೊಸದಾಗಿ ಆರಂಭಿಸುವುದೋ ಇರುವ ಅಳತೆಯನ್ನು ಆಧಾರ ಮಾಡಿಕೊಳ್ಳುವುದೋ ಎಂದು ಮೊದಲು ಕೇಳುತ್ತದೆ; ಆಮೇಲೆ ಅಗಲ ಎತ್ತರಗಳನ್ನು ಇಂಚಿನಲ್ಲೋ ಮಿಲಿಮೀಟರಿನಲ್ಲೋ ಕೊಡಬೇಕು; ನಂತರ ನಾಲ್ಕೂ ಬದಿಯ ಅಂಚು; ಕೊನೆಗೆ ಆ ಅಳತೆಗೊಂದು ಹೆಸರು, ಅದನ್ನು ಉಳಿಸುವ ಕಡತಕ್ಕೊಂದು ಹೆಸರು. ಹೆಸರು ಕೊಡುವಾಗ ತಂತ್ರಾಂಶ ತಾನೇ ಸೂಚಿಸುವ ಹೆಸರನ್ನು ಹಾಗೆಯೇ ಬಿಡದೆ, ಹಾಳೆಯ ಉದ್ದಗಲ ಮತ್ತು ಬಳಕೆ ಎರಡೂ ತಿಳಿಯುವಂತೆ ಇಡುವುದು ಒಳ್ಳೆಯದು. ಇದೇ ಜಾಗದಲ್ಲಿ ಈಗಾಗಲೇ ಇರುವ ಅಳತೆಯ ಅಂಚನ್ನು ತಿದ್ದುವ ‘ಮಾಡಿಫೈ ಸ್ಟ್ಯಾಂಡರ್ಡ್ ಪೇಪರ್ ಸೈಜಸ್’ ಆಯ್ಕೆಯೂ ಇದ್ದು, ಅಂಚಿನ ತೊಂದರೆಗಾಗಿಯೇ ಹೊಸ ಹಾಳೆ ಸೃಷ್ಟಿಸಲು ಹೊರಟವರು ಮೊದಲು ಅದನ್ನು ನೋಡಬೇಕು. ಒಂದು ಮಿತಿಯನ್ನು ಮಾತ್ರ ಗಮನದಲ್ಲಿಡಬೇಕು. ವಿಂಡೋಸ್ ಡ್ರೈವರ್ ಮೂಲಕ ನಡೆಯುವ ಪ್ರಿಂಟರಿಗೆ ಹೊಸ ಅಳತೆಯನ್ನು ಆಟೋಕ್ಯಾಡ್ ಒಳಗಿನಿಂದ ಸೇರಿಸಲಾಗದು. ಅದನ್ನು ಆ ಪ್ರಿಂಟರಿನ ಡ್ರೈವರ್‌ನಲ್ಲಿಯೇ ಸೃಷ್ಟಿಸಬೇಕು, ಆಮೇಲೆ ಅದು ಆಟೋಕ್ಯಾಡ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಎಲ್ಲ ಬದಲಾವಣೆ ಮುಗಿಸಿ ಸರಿ ಎಂದು ಒತ್ತಿದಾಗ ತಂತ್ರಾಂಶ ಒಂದು ಪ್ರಶ್ನೆ ಕೇಳುತ್ತದೆ: ಈ ಬದಲಾವಣೆ ಈಗಿನ ಪ್ಲಾಟಿಗಷ್ಟೇ ಸಾಕೇ, ಅಥವಾ ಪಿಸಿ3 ಕಡತದಲ್ಲಿ ಉಳಿಸಬೇಕೇ? ಎರಡನೆಯದನ್ನೇ ಆರಿಸಬೇಕು, ಅದೂ ಮೂಲ ಕಡತದ ಮೇಲಲ್ಲದೆ ಕಚೇರಿಯ ಹೆಸರಿನ ಹೊಸ ಕಡತವಾಗಿ ಉಳಿಸಬೇಕು.

ಇಷ್ಟಾದ ಮೇಲೆ ಬರುವ ತೊಡಕೇ ಈ ವ್ಯವಸ್ಥೆಯ ಅತಿ ದೊಡ್ಡ ದೌರ್ಬಲ್ಯ. ಹೊಸ ಅಳತೆಗಳು, ತಿದ್ದಿದ ಅಂಚುಗಳು ಪಿಸಿ3 ಕಡತದೊಳಗೆ ಉಳಿಯುವುದಿಲ್ಲ. ಪಿಎಂಪಿ ಎಂಬ ಮತ್ತೊಂದು ಕಡತದಲ್ಲಿ, ಬೇರೊಂದು ಫೋಲ್ಡರಿನಲ್ಲಿ ಉಳಿಯುತ್ತವೆ, ಪಿಸಿ3ಯಲ್ಲಿ ಅದರತ್ತ ಒಂದು ಕೊಂಡಿ ಮಾತ್ರ ಇರುತ್ತದೆ. ಒಬ್ಬರ ಕಂಪ್ಯೂಟರಿನಿಂದ ಪಿಸಿ3 ಕಡತವನ್ನಷ್ಟೇ ಪೆನ್‌ಡ್ರೈವಿನಲ್ಲಿ ಮತ್ತೊಬ್ಬರಿಗೆ ಕೊಟ್ಟರೆ ಸಾಧನದ ಹೆಸರು ಕಾಣುತ್ತದೆ, ಕಷ್ಟಪಟ್ಟು ಮಾಡಿದ ಹಾಳೆಗಳು ಕಾಣುವುದಿಲ್ಲ. ಎರಡೂ ಕಡತಗಳನ್ನು ಒಟ್ಟಿಗೆ ಕೊಂಡೊಯ್ಯಬೇಕು, ಹೊಸ ಯಂತ್ರದಲ್ಲಿ ಎಡಿಟರ್ ತೆರೆದು ಪಿಎಂಪಿ ಹೆಸರಿನ ಬಳಿ ‘ಅಟ್ಯಾಚ್’ ಒತ್ತಿ ಕೊಂಡಿಯನ್ನು ಮತ್ತೆ ಕೂಡಿಸಬೇಕಾಗಲೂಬಹುದು. ‘ಪ್ಲಾಟರ್‌ಮ್ಯಾನೇಜರ್’ ಆಜ್ಞೆ ಕೊಟ್ಟರೆ ಈ ಕಡತಗಳಿರುವ ಫೋಲ್ಡರ್ ನೇರವಾಗಿ ತೆರೆಯುತ್ತದೆ, ಪಿಎಂಪಿ ಕಡತಗಳ ಉಪಫೋಲ್ಡರ್ ಅದರೊಳಗೇ ಇರುತ್ತದೆ. ಒಂದೇ ಕಚೇರಿಯಲ್ಲಿ ಹಲವು ಯಂತ್ರಗಳಿದ್ದರೆ ಆಪ್ಷನ್ಸ್‌ನ ಫೈಲ್ಸ್ ಪುಟದಲ್ಲಿ ಪಿಸಿ3, ಪಿಎಂಪಿ, ಗೆರೆಗಳ ಬಣ್ಣ ದಪ್ಪ ಹೇಳುವ ಪ್ಲಾಟ್ ಸ್ಟೈಲ್ ಕಡತಗಳ ಹುಡುಕಾಟದ ದಾರಿಯನ್ನು ಎಲ್ಲರಿಗೂ ಸಿಗುವ ಒಂದೇ ಹಂಚಿಕೆಯ ಫೋಲ್ಡರಿಗೆ ತೋರಿಸುವುದು ಸರಿಯಾದ ಪರಿಹಾರ. ಆಗ ಒಂದು ಕಡೆ ಮಾಡಿದ ತಿದ್ದುಪಡಿ ಎಲ್ಲರಿಗೂ ದಕ್ಕುತ್ತದೆ. ಈ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಎರಡು ಕಡತಗಳನ್ನು ಒಂದಾಗಿಸಿದ್ದರೆ ಇದರ ಅರ್ಧ ಶ್ರಮವೇ ಬೇಕಿರಲಿಲ್ಲ.

ಹೊರಗಿನವರಿಂದ ಬಂದ ನಕ್ಷೆ ತೆರೆದಾಗ ಲೇಔಟಿನಲ್ಲಿರುವ ಕಾಗದದ ಅಳತೆ ನಿಮ್ಮ ಸಾಧನಕ್ಕೆ ಗೊತ್ತಿಲ್ಲದಿದ್ದರೆ ತಂತ್ರಾಂಶ ಎಚ್ಚರಿಕೆ ಕೊಟ್ಟು, ಸಾಧನದ ಅಳತೆಯನ್ನು ಬಳಸುವುದಾಗಿ ತಿಳಿಸುತ್ತದೆ. ಪೇಪರ್‌ಅಪ್‌ಡೇಟ್ ಎಂಬ ಸಿಸ್ಟಮ್ ವೇರಿಯಬಲ್ (ತಂತ್ರಾಂಶದ ಒಳಗಿನ ಹೊಂದಾಣಿಕೆ) 0 ಇದ್ದಾಗ ಈ ಎಚ್ಚರಿಕೆ ಬರುತ್ತದೆ, 1 ಮಾಡಿದರೆ ಕೇಳದೆಯೇ ಬದಲಾಯಿಸುತ್ತದೆ. ಮೂಲದಲ್ಲಿ ಅದು 0 ಇರುತ್ತದೆ, ಹಾಗೆಯೇ ಇರಲಿ. ಕಾಟವೆಂದು ಅದನ್ನು 1 ಮಾಡಿಟ್ಟವರ ಯಂತ್ರಗಳಲ್ಲಿ ಎ1 ನಕ್ಷೆ ಸದ್ದಿಲ್ಲದೆ ಎ4 ಆಗುವ ಅಪಾಯವಿದೆ.

ಪೇಜ್ ಸೆಟಪ್ ಮ್ಯಾನೇಜರ್ ಬಗ್ಗೆ ನನ್ನದು ಬಹುತೇಕ ಮೆಚ್ಚುಗೆಯ ಮಾತೇ. ಸಾಧನ, ಹಾಳೆ, ಪ್ಲಾಟ್ ಕ್ಷೇತ್ರ, ಸ್ಕೇಲ್, ಪ್ಲಾಟ್ ಸ್ಟೈಲ್, ಅಡ್ಡ ಉದ್ದ ಇವೆಲ್ಲವನ್ನೂ ಒಂದು ಹೆಸರಿನಡಿ ಕೂಡಿಸಿ ಇಡಬಹುದು. ‘ಎ3 ಅನುಮೋದನೆ ಪ್ರತಿ’, ‘ಎ1 ಕೆಲಸದ ಪ್ರತಿ’ ಎಂಬಂತೆ ಹೆಸರಿಟ್ಟರೆ ಆಯ್ಕೆ ಒಂದೇ ಕ್ಲಿಕ್ಕಿಗೆ ಇಳಿಯುತ್ತದೆ. ಈ ಹೊಂದಾಣಿಕೆಗಳನ್ನು ಟೆಂಪ್ಲೇಟ್ ಕಡತದಲ್ಲಿ ಇಟ್ಟುಕೊಂಡರೆ ಪ್ರತಿ ಹೊಸ ನಕ್ಷೆಯೂ ಅವುಗಳೊಂದಿಗೇ ಹುಟ್ಟುತ್ತದೆ, ಹಳೆಯ ನಕ್ಷೆಗೆ ಬೇಕಾದರೆ ‘ಪಿಸೆಟಪ್‌ಇನ್’ ಆಜ್ಞೆಯಿಂದ ಎಳೆದುಕೊಳ್ಳಬಹುದು. ಹಲವು ಲೇಔಟ್‌ಗಳನ್ನು ಒಟ್ಟಿಗೆ ಹೊರಡಿಸುವ ಪಬ್ಲಿಷ್ ಕಿಟಕಿಯಲ್ಲಿಯೂ ಪ್ರತಿ ಹಾಳೆಗೆ ಬೇರೆ ಪೇಜ್ ಸೆಟಪ್ ಹೇಳಬಹುದು. ಒಂದೇ ನಕ್ಷೆಯ ಕಟ್ಟನ್ನು ಬೆಳಿಗ್ಗೆ ಎ3ಯಲ್ಲಿ ಪರಿಶೀಲನೆಗೆ, ಸಂಜೆ ಎ1ರಲ್ಲಿ ಸೈಟಿಗೆ ಕಳಿಸುವವರಿಗೆ ಇದು ಬಹಳ ಸಮಯ ಉಳಿಸುತ್ತದೆ. ಒಂದು ತಕರಾರು ಮಾತ್ರ ಉಳಿಯುತ್ತದೆ. ಪ್ಲಾಟ್ ಕಿಟಕಿಯಲ್ಲಿ ನೇರವಾಗಿ ಹಾಳೆ ಬದಲಿಸಿ ಪ್ಲಾಟ್ ಕೊಟ್ಟರೆ ಆ ಆಯ್ಕೆ ಲೇಔಟಿನಲ್ಲಿ ಉಳಿಯುವುದಿಲ್ಲ. ಉಳಿಯಬೇಕಾದರೆ ‘ಅಪ್ಲೈ ಟು ಲೇಔಟ್’ ಒತ್ತಿರಬೇಕು. ಒತ್ತದೆ ಹೋದವರಿಗೆ ಮುಂದಿನ ಬಾರಿ ಹಳೆಯ ಹಾಳೆಯೇ ಎದುರಾಗುತ್ತದೆ.

ನಕ್ಷೆಯನ್ನು ಬರೆಯುವ ಜಾಗವಾದ ಮಾಡೆಲ್ ಸ್ಪೇಸಿನಿಂದ ನೇರವಾಗಿ ಪ್ಲಾಟ್ ಮಾಡುವವರು ನಮ್ಮಲ್ಲಿ ಬಹಳ. ಅಲ್ಲಿ ‘ಫಿಟ್ ಟು ಪೇಪರ್’ ಮೊದಲೇ ಗುರುತಾಗಿ ಬರುವುದು ಈ ತಂತ್ರಾಂಶದ ಅತ್ಯಂತ ಹಾನಿಕರವಾದ ಮೂಲ ಹೊಂದಾಣಿಕೆ ಎಂದು ನಾನು ಹೇಳುತ್ತೇನೆ. ನಕ್ಷೆ ಹಾಳೆಯಲ್ಲಿ ಚೆನ್ನಾಗಿ ತುಂಬಿಕೊಂಡಂತೆ ಕಾಣುತ್ತದೆ, ಸ್ಕೇಲ್ ಯಾವುದೋ ಅರ್ಥವಿಲ್ಲದ ಸಂಖ್ಯೆಯಾಗಿರುತ್ತದೆ. ಆ ಗುರುತು ತೆಗೆದು 1:100 ಆರಿಸಿದರೂ ಸಮಸ್ಯೆ ಮುಗಿಯಲಿಲ್ಲ. ಕಾಗದದ ಘಟಕ ಮಿಲಿಮೀಟರ್ ಇರುವಾಗ 1:100 ಎಂದರೆ ಕಾಗದದ ಒಂದು ಮಿಲಿಮೀಟರಿಗೆ ನಕ್ಷೆಯ 100 ಘಟಕ ಎಂದರ್ಥ. ನಕ್ಷೆಯನ್ನು ಮಿಲಿಮೀಟರಿನಲ್ಲಿ ಬರೆದಿದ್ದರೆ ಅದು ಸರಿ. ಮೀಟರಿನಲ್ಲಿ ಬರೆದಿದ್ದರೆ ಒಂದು ಮಿಲಿಮೀಟರಿಗೆ 0.1 ಘಟಕ ಎಂದು ಕೊಡಬೇಕು. ಅಡಿ ಇಂಚಿನ ಆರ್ಕಿಟೆಕ್ಚರಲ್ ಘಟಕದಲ್ಲಿ ಬರೆದಿದ್ದರೆ ಒಳಗಿನ ಘಟಕ ಇಂಚು, ಆದ್ದರಿಂದ 3.937 ಎಂದು ಕೊಡಬೇಕು. ನಿವೇಶನವನ್ನು ಅಡಿಯಲ್ಲಿ ಮಾತನಾಡಿ, ಅನುಮೋದನೆಯ ನಕ್ಷೆಯನ್ನು ಮೀಟರಿನಲ್ಲಿ ಕೊಟ್ಟು, ಮಿಲಿಮೀಟರಿನ ಹಾಳೆಯಲ್ಲಿ ಮುದ್ರಿಸುವ ನಮ್ಮ ರೂಢಿಗೆ ಈ ಮೂರು ಘಟಕಗಳ ಲೆಕ್ಕ ನಿತ್ಯವೂ ಎದುರಾಗುತ್ತದೆ. ಇದೇ ಗೊಂದಲದಲ್ಲಿ ಕಾಲಿಂಚಿಗೆ ಒಂದಡಿ ಎಂಬ 1:48ನ್ನು 1:50 ಎಂದೂ, ಅರೆಕಾಲು ಇಂಚಿಗೆ ಒಂದಡಿ ಎಂಬ 1:96ನ್ನು 1:100 ಎಂದೂ ಬರೆದುಬಿಡುವವರಿದ್ದಾರೆ. 40 ಅಡಿಯ ಗೋಡೆ ಕಾಗದದ ಮೇಲೆ 1:96ಕ್ಕೆ 127 ಮಿಲಿಮೀಟರ್, 1:100ಕ್ಕೆ 122. ಲೇಔಟಿನಲ್ಲಿ ಹಾಳೆಯನ್ನು 1:1ಕ್ಕೆ ಪ್ಲಾಟ್ ಮಾಡಿ, ಸ್ಕೇಲನ್ನು ವ್ಯೂಪೋರ್ಟಿನಲ್ಲಿ, ಅಂದರೆ ಹಾಳೆಯೊಳಗೆ ನಕ್ಷೆ ಕಾಣುವ ಕಿಂಡಿಯಲ್ಲಿ, ಕೊಟ್ಟು ಬೀಗ ಹಾಕುವ ಅಭ್ಯಾಸ ಈ ಎಲ್ಲ ಲೆಕ್ಕವನ್ನೂ ಒಂದೇ ಜಾಗಕ್ಕೆ ತರುತ್ತದೆ. ತಂತ್ರಾಂಶ ಬಯಸುವ ದಾರಿಯೂ ಅದೇ.

ಮುದ್ರಣದ ಅಂಗಡಿಗೆ ಪಿಡಿಎಫ್ ಕಳಿಸಿದ ಮೇಲೆ ಆಟೋಕ್ಯಾಡ್‌ನ ಹಿಡಿತ ಮುಗಿಯಿತು. ಪಿಡಿಎಫ್ ಓದುವ ತಂತ್ರಾಂಶದಲ್ಲಿ ‘ಫಿಟ್’ ಗುರುತಾಗಿದ್ದರೆ ಅಲ್ಲಿಯೂ ನಕ್ಷೆ ಕುಗ್ಗುತ್ತದೆ; ‘ಆ್ಯಕ್ಚುಯಲ್ ಸೈಜ್’ ಎಂದು ಸ್ಪಷ್ಟವಾಗಿ ಹೇಳಿ ಮುದ್ರಿಸಿಕೊಳ್ಳಬೇಕು. ಟೈಟಲ್ ಬ್ಲಾಕಿನಲ್ಲಿ ಸರಿಯಾಗಿ 100 ಮಿಲಿಮೀಟರ್ ಉದ್ದದ ಪರೀಕ್ಷಾ ಗೆರೆಯೊಂದನ್ನು ಇಟ್ಟರೆ ಅಂಗಡಿಯಲ್ಲೇ ಅಳೆದು ನೋಡಬಹುದು. ಹಾಳೆ ಅಡ್ಡವೋ ಉದ್ದವೋ ಎಂಬ ಆಯ್ಕೆಗೂ ಅಂಗಡಿಯ ರೋಲಿಗೂ ಸಂಬಂಧವಿದೆ. 24 ಇಂಚಿನ, ಅಂದರೆ 610 ಮಿಲಿಮೀಟರ್ ಅಗಲದ ರೋಲಿನಲ್ಲಿ ಎ1 ಹಾಳೆಯ 594ರ ಬದಿ ಮಾತ್ರ ಅಡ್ಡಲಾಗಿ ಹಿಡಿಯುತ್ತದೆ, ಪ್ರತಿ ಹಾಳೆಗೆ 841 ಮಿಲಿಮೀಟರ್ ಉದ್ದ ಖರ್ಚು. 36 ಇಂಚಿನ ರೋಲಿನಲ್ಲಿ 841ರ ಬದಿಯನ್ನೇ ಅಡ್ಡಲಾಗಿ ಹಾಕಬಹುದು, ಖರ್ಚು 594. ಕತ್ತರಿಸುವ ನಷ್ಟ ಬಿಟ್ಟು ಲೆಕ್ಕ ಹಾಕಿದರೆ 50 ಮೀಟರಿನ ಅಗಲ ರೋಲಿನಲ್ಲಿ ಎ1 ಹಾಳೆಗಳು 84 ಬರುತ್ತವೆ. ಅದೇ ರೋಲಿನಲ್ಲಿ ಹಾಳೆಯನ್ನು ತಪ್ಪು ದಿಕ್ಕಿಗೆ ಹಾಕಿದರೆ 59 ಮಾತ್ರ. ಅಂಗಡಿಯಲ್ಲಿ ಯಾವ ಅಗಲದ ರೋಲ್ ಇದೆ ಎಂದು ಮೊದಲೇ ಕೇಳಿ, ಅದಕ್ಕೆ ಹೊಂದುವ ನಮೂದನ್ನಷ್ಟೇ ಸೋಸಿದ ಪಟ್ಟಿಯಲ್ಲಿ ಉಳಿಸುವುದು ಜಾಣತನ.

ಬೇರೆ ತಂತ್ರಾಂಶಗಳತ್ತ ನೋಡುವವರಿಗೆ ಎರಡು ಮಾತು. ಬ್ರಿಕ್ಸ್‌ಕ್ಯಾಡ್ ಪಿಸಿ3 ಪದ್ಧತಿಯನ್ನೇ ಬಳಸುತ್ತದೆ, ಝಡ್‌ಡಬ್ಲ್ಯೂಕ್ಯಾಡ್‌ನ ಕಡತಕ್ಕೆ ಪಿಸಿ5 ಎಂದು ಹೆಸರು. ಎರಡರಲ್ಲಿಯೂ ಪ್ಲಾಟ್ ಕಿಟಕಿಯ ವಿನ್ಯಾಸ ಆಟೋಕ್ಯಾಡ್ ಬಲ್ಲವರಿಗೆ ಪರಿಚಿತವೇ ಆಗಿರುವುದರಿಂದ ಮೇಲೆ ಹೇಳಿದ ಗುಣದೋಷಗಳಲ್ಲಿ ಹಲವು ಅಲ್ಲಿಗೂ ಅನ್ವಯಿಸುತ್ತವೆ. ಉಚಿತವಾಗಿ ಸಿಗುವ ಲಿಬ್ರೆಕ್ಯಾಡ್‌ನಲ್ಲಿ ಕಾಗದವನ್ನು ನಕ್ಷೆಯ ಹೊಂದಾಣಿಕೆಯಲ್ಲೇ ಆರಿಸಿ ಪ್ರಿಂಟ್ ಪ್ರಿವ್ಯೂನಲ್ಲಿ ಸ್ಕೇಲ್ ಕೊಡಬಹುದು. ವಿದ್ಯಾರ್ಥಿಗೆ, ಒಂದೆರಡು ಎ4 ಹಾಳೆಯ ಕೆಲಸಕ್ಕೆ ಸಾಕು, ಹಲವು ಹಾಳೆಗಳ ನಕ್ಷೆಯ ಕಟ್ಟಿಗೆ ಸಾಲದು. ಆಟೋಡೆಸ್ಕ್ 2016ರಿಂದ ಶಾಶ್ವತ ಪರವಾನಗಿ ಮಾರುವುದನ್ನು ನಿಲ್ಲಿಸಿ ಚಂದಾ ಪದ್ಧತಿಗೆ ಹೋಗಿದೆ, ಸಣ್ಣ ಕಚೇರಿಗೆ ಇದು ಪ್ರತಿ ವರ್ಷದ ಹೊರೆ. ಮೂರು ಆಯಾಮದ ಕೆಲಸವಿಲ್ಲದವರು ಕಡಿಮೆ ಬೆಲೆಯ ಆಟೋಕ್ಯಾಡ್ ಎಲ್‌ಟಿಯನ್ನು ಆರಿಸಬಹುದು. ಪೇಜ್ ಸೆಟಪ್, ಪಿಸಿ3 ಮತ್ತು ಪಿಎಂಪಿ ಕಡತಗಳು, ಕಸ್ಟಮ್ ಹಾಳೆ, ಪಟ್ಟಿ ಸೋಸುವ ಸೌಲಭ್ಯ ಇವೆಲ್ಲವೂ ಅದರಲ್ಲಿಯೂ ಇವೆ.